ಲಾಕಪ್ ಸಾವು: ಅಭಿಯೋಜಕರ ತೀರ್ಮಾನಕ್ಕೆ ಲಿಖಿತ ಕಾರಣ ಬೇಕು

ಮಾನ್ಯ ಸಂಪಾದಕರೇ,

ಪೊಲೀಸ್ ವಶದಲ್ಲಿದ್ದ ವ್ಯಕ್ತಿ ಸತ್ತಾಗ ಸುದ್ದಿ ಎರಡು ಮೂರು ದಿನ ಬದುಕಿರುತ್ತದೆ. ಠಾಣೆಯ ಮುಂದೆ ಸಂಬಂಧಿಕರ ಧರಣಿ, ಸಿಬ್ಬಂದಿಯ ಅಮಾನತು, ಸಿಐಡಿಗೆ ತನಿಖೆ, ಅಲ್ಲಿಗೆ ಮುಗಿಯಿತು. ಆಮೇಲೆ ಆ ಕಡತವನ್ನು ಯಾರು ಓದುತ್ತಾರೆ, ಮೊಕದ್ದಮೆ ನಡೆಸಬೇಕೋ ಬೇಡವೋ ಎಂಬುದನ್ನು ಯಾವ ಕಾರಣದ ಮೇಲೆ ನಿರ್ಧರಿಸುತ್ತಾರೆ ಎಂಬುದು ಸತ್ತವನ ಮನೆಯವರಿಗೂ ತಿಳಿಯುವುದಿಲ್ಲ. ಕೋಲಾರ ಜಿಲ್ಲೆಯ ತಾಲ್ಲೂಕು ನ್ಯಾಯಾಲಯಗಳಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿದ್ದು, ಅಂದರೆ ಸರ್ಕಾರದ ಪರ ಕ್ರಿಮಿನಲ್ ಮೊಕದ್ದಮೆ ನಡೆಸುವ ವಕೀಲನಾಗಿದ್ದು, ನಿವೃತ್ತನಾದ ನನಗೆ ಈ ಮಾತು ಹೊರಗಿನಿಂದ ಕಂಡದ್ದಲ್ಲ. ಠಾಣೆಯಿಂದ ಆಸ್ಪತ್ರೆಗೆ ಸಾಗಿಸುವಾಗ ತೀರಿಕೊಂಡ ಕೂಲಿಯವನೊಬ್ಬನ ಅಣ್ಣ ಒಮ್ಮೆ ನನ್ನ ಕಚೇರಿಗೆ ಬಂದು, 'ಸಾರ್, ನಮ್ಮ ಹುಡುಗನ ಕೇಸು ಏನಾಯ್ತು?' ಎಂದು ಕೇಳಿದಾಗ, ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ಆಗಿ ದಾಖಲಾಗಿದ್ದ ಆ ಕಡತ ನನ್ನ ಮೇಜಿಗೆ ಬಂದೇ ಇರಲಿಲ್ಲ.

ಕಾನೂನು ಇಲ್ಲವೆಂದಲ್ಲ. ಇಂಥ ಸಾವಿನ ವಿಚಾರಣೆಯನ್ನು ನ್ಯಾಯಿಕ ಮ್ಯಾಜಿಸ್ಟ್ರೇಟರೇ ನಡೆಸಬೇಕೆಂಬ ನಿಯಮ 2006ರಿಂದ ಜಾರಿಯಲ್ಲಿದೆ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಂ ಅದನ್ನು ಉಳಿಸಿಕೊಂಡಿದೆ. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕೆಂಬ ಸೂಚನೆ 1993ರದು. ಆದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಸಾವಿನ ಕಾರಣವನ್ನು ಹುಡುಕುತ್ತದೆಯೇ ಹೊರತು, ಆ ವರದಿ ತಾನಾಗಿಯೇ ಯಾರನ್ನೂ ಆರೋಪಿಯ ಕಟಕಟೆಗೆ ತರುವುದಿಲ್ಲ. ತರಬೇಕಾದ ಮೊಕದ್ದಮೆಯನ್ನು ಕಟ್ಟುವವರೂ ಪೊಲೀಸರೇ. ಅಭಿಯೋಜಕ ಕಾಣಿಸಿಕೊಳ್ಳುವುದು ದೋಷಾರೋಪ ಪಟ್ಟಿ ಸಿದ್ಧವಾದ ಹಂತದಲ್ಲಿ. ಮೊಕದ್ದಮೆ ಬೇಡವೆಂದು ಪ್ರಕರಣ ಮುಗಿಸುವ ಪೊಲೀಸರ 'ಬಿ ರಿಪೋರ್ಟ್' ನ್ಯಾಯಾಲಯಕ್ಕೆ ಹೋದರೆ ಅಷ್ಟೂ ಇಲ್ಲ. ಕುಟುಂಬ ಅದಕ್ಕೆ ತಕರಾರು ಅರ್ಜಿ ಹಾಕಬಹುದು ನಿಜ, ಆದರೆ ಕಾರಣವೇ ಗೊತ್ತಿಲ್ಲದವರು ಯಾವುದಕ್ಕೆ ತಕರಾರು ಎತ್ತಬೇಕು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇದೇ ಇಕ್ಕಟ್ಟಿತ್ತು. ಪೊಲೀಸರ ಬಲಪ್ರಯೋಗವನ್ನು ಪರಿಶೀಲಿಸುತ್ತಿದ್ದವರು ಆಯಾ ಜಿಲ್ಲೆಯ ಅಭಿಯೋಜಕರು, ಅಂದರೆ ಪ್ರತಿದಿನವೂ ಅದೇ ಪೊಲೀಸರ ಸಾಕ್ಷ್ಯವನ್ನು ನೆಚ್ಚಿ ಮೊಕದ್ದಮೆ ನಡೆಸುವವರು. ನಿರಾಯುಧ ನಾಗರಿಕರು ಪೊಲೀಸರ ಗುಂಡಿಗೆ ಬಲಿಯಾದ ಪ್ರಕರಣಗಳ ತನಿಖೆಯನ್ನು ಅಲ್ಲಿ 2021ರ ಜುಲೈನಿಂದ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್‌ಗೆ ವಹಿಸಲಾಗಿದೆ. ಮೊಕದ್ದಮೆ ಹೂಡುವುದಿಲ್ಲವೆಂದು ಅವರು ತೀರ್ಮಾನಿಸಿದರೆ, ನಡೆದದ್ದೇನು, ಕಾನೂನಿನ ವಿಶ್ಲೇಷಣೆಯೇನು ಎಂಬುದನ್ನು ಬರೆದು ಸಾರ್ವಜನಿಕರ ಮುಂದಿಡಬೇಕು. ಅಲ್ಲಿನ ಬಂದೂಕಿನ ಸಮಸ್ಯೆ ಬೇರೆ, ನಮ್ಮ ಲಾಕಪ್‌ನ ಸಮಸ್ಯೆ ಬೇರೆ ಎಂಬುದನ್ನು ಒಪ್ಪುತ್ತೇನೆ. ತೀರ್ಮಾನವನ್ನು ಬರಹದಲ್ಲಿ ಕೊಡಬೇಕೆಂಬ ಕಟ್ಟುಪಾಡು ಮಾತ್ರ ನಮಗೂ ಹೊಂದುತ್ತದೆ.

ತಾಲ್ಲೂಕಿನ ಅಭಿಯೋಜಕನ ಎದುರು ಬೆಳಿಗ್ಗೆ ಕಡತ ಹಿಡಿದು ಕುಳಿತುಕೊಳ್ಳುವ ಇನ್‌ಸ್ಪೆಕ್ಟರ್‌ ವಿರುದ್ಧ ಅದೇ ಅಭಿಯೋಜಕ ಮಧ್ಯಾಹ್ನ ಅಭಿಪ್ರಾಯ ಬರೆಯಬೇಕೆಂದರೆ, ಎಂಥ ಪ್ರಾಮಾಣಿಕನಿಗೂ ಕೈ ತಡೆಯುತ್ತದೆ. ನನಗೂ ತಡೆಯುತ್ತಿತ್ತು. ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಪ್ರಕರಣಗಳ ಮೇಲ್ವಿಚಾರಣೆಯನ್ನು ಹೊಸ ಸಂಹಿತೆಯ 20ನೇ ಕಲಂ ರಾಜ್ಯದ ಅಭಿಯೋಜಕರ ಮೇಲಧಿಕಾರಿಯಾದ ಅಭಿಯೋಗ ನಿರ್ದೇಶಕರಿಗೆ ವಹಿಸಿರುವಾಗ, ಕಸ್ಟಡಿ ಸಾವಿನ ಪ್ರತಿಯೊಂದು ಕಡತವೂ ಮ್ಯಾಜಿಸ್ಟ್ರೇಟರ ವರದಿಯೊಂದಿಗೆ ನೇರವಾಗಿ ಅವರ ಕಚೇರಿಗೇ ಹೋಗುವಂತೆ ರಾಜ್ಯ ಸರ್ಕಾರ ಆದೇಶಿಸಲು ಅಡ್ಡಿಯೇನಿದೆ?

ಕಾಲಮಿತಿಯೂ ಬೇಕು. ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಅಭಿಯೋಜಕರ ಕೈಗೆ ಕಡತ ಅದಕ್ಕಿಂತ ತಡವಾಗಿ ಸೇರಿದರೆ ಉಳಿಯುವುದು ಠಾಣಾ ದಿನಚರಿಯೊಂದೇ, ಅದನ್ನು ಬರೆದವರೂ ಠಾಣೆಯವರೇ. ವಶದಲ್ಲಿದ್ದಾಗ ಆದ ಗಾಯಕ್ಕೆ ಪೊಲೀಸರೇ ಕಾರಣವೆಂದು ನ್ಯಾಯಾಲಯ ಊಹಿಸಲು ಅವಕಾಶವಿರಲಿ ಎಂದು ಕಾನೂನು ಆಯೋಗ 1985ರಲ್ಲೇ ಶಿಫಾರಸು ಮಾಡಿತ್ತು. 2023ರ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅದಕ್ಕೆ ಜಾಗ ಸಿಗಲಿಲ್ಲ. ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿ ತನ್ನಿ ಎಂದು ಸತ್ತವನ ಹೆಂಡತಿಯನ್ನು ಕೇಳುವುದು ಯಾವ ನ್ಯಾಯ?

ಮೊಕದ್ದಮೆ ಬೇಡವೆನ್ನುವ ತೀರ್ಮಾನಕ್ಕೂ ಕಾರಣ ಬರೆದು, ಅದರ ಪ್ರತಿಯನ್ನು ಮನೆಯವರಿಗೆ ಕನ್ನಡದಲ್ಲಿ ಕೊಡಬೇಕು. ನಮ್ಮ ಕಡೆ ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಆಡುವವರಲ್ಲೂ ಕನ್ನಡ ಓದಬಲ್ಲ ಶಾಲೆಯ ಮಕ್ಕಳಿದ್ದಾರೆ. ಇಂಗ್ಲಿಷ್ ಆದೇಶ ಕೈಗಿತ್ತರೆ ಅದನ್ನು ಓದಿಸಿಕೊಳ್ಳಲು ಅವರು ಮತ್ತೆ ಯಾರದೋ ಬಾಗಿಲಿಗೆ ಅಲೆಯಬೇಕಾಗುತ್ತದೆ.

ಇತಿ,
ನಿವೃತ್ತ ಸಹಾಯಕ ಸರ್ಕಾರಿ ಅಭಿಯೋಜಕ,
ಕೋಲಾರ