ಪುಟ್ಟಿಗೆ, ಹನುಮಂತನಗರದಿಂದ

ಪ್ರೀತಿಯ ಪುಟ್ಟಿ,

ಪಿ.ಜಿ. ಊಟ, ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಅದಕ್ಕೆಲ್ಲ ನಿಮ್ಮಮ್ಮ ಉತ್ತರ ಬರೆದಿರುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕೊನೆಯ ಸಾಲು. ‘ಅವರು ಆಡೋ ಮಾತು ಅರ್ಥವಾಗಲ್ಲ ದೊಡ್ಡಪ್ಪ, ಅದಕ್ಕೇ ಆಫೀಸಿನಲ್ಲಿ ಮಾತಾಡೋದೇ ಬಿಟ್ಟಿದ್ದೀನಿ.’

ನಿನ್ನ ಆಫೀಸಿನವರು ಆಡೋ ರಿಜ್ (ಮನಸ್ಸು ಸೆಳೆಯೋ ಮೋಡಿ), ಡೆಲುಲು (ಭ್ರಮೆಯಲ್ಲಿರೋದು), ಕ್ರಿಂಜ್ (ನೋಡೋಕೇ ಮುಜುಗರ) ಗೊತ್ತಿಲ್ಲದಿದ್ದರೆ ಏನೂ ಆಗಲ್ಲ. ರಿಜ್ ಅನ್ನೋದನ್ನು ಆಕ್ಸ್‌ಫರ್ಡ್ ನಿಘಂಟಿನವರು 2023ರಲ್ಲಿ ವರ್ಷದ ಪದ ಅಂತ ಆರಿಸಿದರು. ಮರುವರ್ಷ ಬ್ರೇನ್ ರಾಟ್ ಬಂತು, ಕೆಲಸಕ್ಕೆ ಬಾರದ ವಿಡಿಯೋ ನೋಡಿ ನೋಡಿ ತಲೆ ಮಂಕಾಗೋದು. ಇವೆಲ್ಲ ಬರುತ್ತವೆ, ಹೋಗುತ್ತವೆ. ನಮ್ಮ ಬೆಂಗಳೂರಿನ ಹೆಸರಿಗೇ ಒಮ್ಮೆ ಹೀಗಾಗಿತ್ತು. ಈ ಶತಮಾನದ ಶುರುವಿನಲ್ಲಿ, ಕೆಲಸ ಇಲ್ಲಿನವರ ಪಾಲಾಗಿ ಮನೆಗೆ ಹೋದವನನ್ನು ಅಮೆರಿಕದಲ್ಲಿ ‘ಬ್ಯಾಂಗಲೋರ್ಡ್’ ಆದ ಅನ್ನುತ್ತಿದ್ದರು. ನಿನ್ನ ಆಫೀಸಿನ ಹುಡುಗರನ್ನು ಕೇಳಿ ನೋಡು, ಎಷ್ಟು ಜನಕ್ಕೆ ಗೊತ್ತಿರುತ್ತೆ? ನನಗೆ ಭಯವಾಗಿದ್ದು ಆ ಪದಗಳಿಂದ ಅಲ್ಲ. ನೀನು ಸುಮ್ಮನಾಗಿದ್ದೀಯ ಅನ್ನೋದರಿಂದ.

ನಾನು ತಂತಿ ಕಚೇರಿ ಸೇರಿದಾಗ ನನಗೂ ಏನೂ ತಿಳಿಯುತ್ತಿರಲಿಲ್ಲ. ಟೆಲಿಗ್ರಾಂನಲ್ಲಿ ಪದಕ್ಕಿಷ್ಟು ಅಂತ ದುಡ್ಡು. ಜನ ಮಾತನ್ನು ಕತ್ತರಿಸಿ ಕತ್ತರಿಸಿ ಕಳಿಸುತ್ತಿದ್ದರು. ಚುಕ್ಕೆ, ಗೆರೆಗಳ ಸಂಕೇತದಲ್ಲಿ ಸುದ್ದಿ ಕಳಿಸೋ ಮೋರ್ಸ್ ಬಡಿಯುವವರದ್ದಂತೂ ಬೇರೆಯೇ ಲೋಕ. 73 ಅಂದರೆ ಶುಭಾಶಯ, 88 ಅಂದರೆ ಪ್ರೀತಿ, ಮುತ್ತು. ಪಕ್ಕದ ಮೇಜಿನವರ ತಲೆ ತಿಂದು ಕಲಿತೆ. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತಿತು. ಆ ಅಂಕಿಗಳು ಈಗಲೂ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋ ಹ್ಯಾಮ್ ರೇಡಿಯೋದವರ ಬಾಯಲ್ಲಿವೆ.

ನಿನ್ನ ದೊಡ್ಡಮ್ಮನ ವಿಷಯ ನಿನಗೆ ಯಾರೂ ಹೇಳಿರಲ್ಲ. ಕುಂದಾಪುರದಿಂದ ಬಂದ ಹೊಸದರಲ್ಲಿ ಅವಳು ಬಾಯಿ ತೆರೆದರೆ, ಹೋಗಬೇಕು, ಬರಬೇಕು ಅನ್ನೋದಕ್ಕೆ ‘ಹೋಯ್ಕ್, ಬರ್ಕ್’. ವಠಾರದ ಹೆಂಗಸರು ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದ ಇರಲಿಕ್ಕಿಲ್ಲ. ಅವಳು ಒಂದೊಂದೇ ಮಾತು ನುಂಗಿಕೊಂಡಳು. ಆಮೇಲೆ ನಲ್ಲಿ ಹತ್ತಿರ ನಿಲ್ಲೋದನ್ನು ಬಿಟ್ಟಳು. ಕೊನೆಗೆ ಮನೆಯೊಳಗೂ ಮಾತು ಕಮ್ಮಿಯಾಯಿತು. ಊರಲ್ಲಿ ಅವಳ ಮಾತಿಗೆ ಇಡೀ ಅಂಗಳ ಸೇರುತ್ತಿತ್ತಂತೆ, ನಿನ್ನ ಅಪ್ಪನೇ ಹೇಳುತ್ತಿದ್ದ. ಆ ಹೆಂಗಸು ನನಗೆ ಸಿಗಲೇ ಇಲ್ಲ. ಅವಳು ಹೋದ ಮೇಲೆ ಅದೇ ನನ್ನನ್ನು ಕೊರೆಯುತ್ತದೆ. ನಿನ್ನ ಸಾಲನ್ನು ಮತ್ತೆ ಮತ್ತೆ ಓದಿದ್ದು ಅದಕ್ಕೇ.

ಏನು ಮಾಡಬೇಕು ಅಂತ ಹೇಳೋಕೆ ನಾನು ನಿಮ್ಮ ಆಫೀಸು ಕಂಡವನಲ್ಲ. ಆದರೂ, ಕೆಲಸಕ್ಕೆ ಬೇಕಾದ ಮಾತನ್ನು ಮೊದಲು ಕೇಳಿ ತಿಳಿದುಕೋ. ‘ಬ್ಯಾಂಡ್‌ವಿಡ್ತ್ ಇಲ್ಲ’ ಅಂದರೆ ಪುರುಸೊತ್ತಿಲ್ಲ, ಅಷ್ಟೇ ಅಲ್ವಾ? ‘ಪಿಂಗ್ ಮಾಡು’, ಅಂದರೆ ಒಂದು ಮೆಸೇಜ್ ಹಾಕು, ಅನ್ನೋದರ ಕಥೆ ನನಗೆ ಇಷ್ಟ. 1983ರಲ್ಲಿ ಮೈಕ್ ಮೂಸ್ ಅನ್ನುವವರು ಬರೆದ ಸಣ್ಣ ಪ್ರೋಗ್ರಾಂ ಅದು. ಆ ಕಡೆಯ ಕಂಪ್ಯೂಟರ್ ಉತ್ತರ ಕೊಡುತ್ತಾ ಅಂತ ನೋಡೋಕೆ. ನೀರೊಳಗೆ ಸದ್ದು ಕಳಿಸಿ ಪ್ರತಿಧ್ವನಿಯಿಂದ ಎದುರಿಗೇನಿದೆ ಅಂತ ತಿಳಿಯೋ ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಆ ಹೆಸರಿಟ್ಟರು.

ಉಳಿದ ರೀಲ್ಸ್ ಮಾತು ಬಂದರೆ ಬರಲಿ, ಬಿಟ್ಟರೆ ಬಿಡಲಿ. ‘ಹಾಗಂದ್ರೆ ಏನು?’ ಅಂತ ಒಬ್ಬರನ್ನಾದರೂ ಕೇಳು. ನಕ್ಕರೆ ನಗಲಿ. ನಿನ್ನ ಬಾಯಿಂದ ಕುಂದಾಪುರದ ಮಾತು ಬಂದರೂ ತಡೆಯಬೇಡ. ಮೀಟಿಂಗಿನಲ್ಲಿ ಆಗದಿದ್ದರೆ ಊಟದ ಹೊತ್ತಿನಲ್ಲಾದರೂ ಮಾತಾಡು. ಇದು ಜಾಸ್ತಿ ಆಯಿತು ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡ.

ಪತ್ರಕ್ಕೆ ಉತ್ತರ ಬರೆಯದಿದ್ದರೂ ಸರಿ. ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡು. ಆ ದಿನ ಯಾರ ಹತ್ತಿರ ಏನು ಮಾತಾಡಿದೆ ಅಂತ ಹೇಳು, ಸಾಕು.

ನಿನ್ನ ದೊಡ್ಡಪ್ಪ