ಹೊಳಲ್ಕೆರೆ ರಸ್ತೆಯ ಝೆರಾಕ್ಸ್ ಅಂಗಡಿಯ ಹುಡುಗನಿಗೆ

ಚಿತ್ರದುರ್ಗದ ನಮ್ಮ ಇತಿಹಾಸಾಸಕ್ತರ ಬಳಗ ಸ್ವಾತಂತ್ರ್ಯ ದಿನದಂದು ಧ್ವಜಾರೋಹಣದ ಜೊತೆಗೆ ಜಿಲ್ಲೆಯ ಹೋರಾಟದ ಕಾಗದಪತ್ರಗಳ ಪ್ರದರ್ಶನವನ್ನೂ ಇಡುತ್ತದೆ. 1939ರಲ್ಲಿ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ನಡೆಸಿದ ಸತ್ಯಾಗ್ರಹ ನಮ್ಮ ಮಕ್ಕಳಿಗೆ ಗೊತ್ತಿರಬೇಕು. 1947ರ ಆಗಸ್ಟ್ 15ರ ನಂತರವೂ ಮೈಸೂರು ಸಂಸ್ಥಾನದ ಜನ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರಕ್ಕಾಗಿ, ‘ಮೈಸೂರು ಚಲೋ’ ಚಳವಳಿ ನಡೆಸಬೇಕಾಯಿತು, ಅಕ್ಟೋಬರ್‌ನಲ್ಲಿ ಗೆದ್ದರು ಎಂಬುದಂತೂ ದೊಡ್ಡವರಿಗೂ ಮರೆತುಹೋಗಿದೆ.

ಆಗಸ್ಟ್ 14ರ ರಾತ್ರಿ ಮಳೆಯಲ್ಲಿ ನನ್ನ ಚೀಲ ನೆನೆಯಿತು. ಒಳಗೆ ಹೋರಾಟಗಾರರೊಬ್ಬರು ಜೈಲಿನಿಂದ ಬರೆದ ಕಾಗದಗಳಿದ್ದವು. ಅವರ ಮೊಮ್ಮಗಳು ನಂಬಿ ಕೊಟ್ಟಿದ್ದು. ನನ್ನ ಕೈಕಾಲು ತಣ್ಣಗಾದವು. ನೀವು ಅರ್ಧ ಎಳೆದಿದ್ದ ಷಟರ್ ಅನ್ನು ಮತ್ತೆ ಮೇಲೆತ್ತಿದಿರಿ.

ಕೈ ಒರೆಸಿಕೊಂಡು, ಒಂದೊಂದು ಹಾಳೆಯನ್ನೂ ಎರಡು ಬಿಳಿ ಕಾಗದಗಳ ನಡುವೆ ಇಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದಿರಿ. ಫ್ಯಾನನ್ನು ಗೋಡೆಯ ಕಡೆಗೆ ತಿರುಗಿಸಿದಿರಿ, ನೇರ ಗಾಳಿಗೆ ಹಾಳೆ ಹಾರಬಾರದೆಂದು. ಆರಿದ ಮೇಲೆ ಗಾಜಿನ ಮೇಲಿಟ್ಟು ಪ್ರತಿ ತೆಗೆದಿರಿ. ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡಿದ್ದಿರಿ, ಭಾರ ಬೀಳದಂತೆ. ಒಂದು ಮಡಿಕೆಯಲ್ಲಿ ಮಾತ್ರ ಶಾಯಿ ಹರಡಿತ್ತು. “ಓದಬಹುದು ಸರ್, ಹೆದರಬೇಡಿ” ಎಂದಿರಿ. ಆಗ ನನ್ನ ಉಸಿರು ಹಿಂದಿರುಗಿತು.

ದುಡ್ಡು ಪ್ರತಿಗಳಿಗಷ್ಟೇ ತೆಗೆದುಕೊಂಡಿರಿ. ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ಬೆಳಿಗ್ಗೆ ಆ ಮೊಮ್ಮಗಳು ಅಜ್ಜನ ಅಕ್ಷರದ ಮುಂದೆ ಬಹಳ ಹೊತ್ತು ನಿಂತಿದ್ದರು. ನಿಮಗೆ ಅವರದ್ದೂ ನನ್ನದೂ ನಮಸ್ಕಾರ.