ಭಾನುವಾರದ ಡ್ರ್ಯಾಗನ್‌ಫ್ಲೈ ಎಣಿಕೆಗೆ ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ಮರ ಕಡಿದು ಬಯಲಾದ ಕಡೆ ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ) ಜಾಸ್ತಿ ಕಂಡರೆ ಕಾಡು ಚೆನ್ನಾಗಿದೆ ಅಂತ ಬರೆದುಬಿಡಬೇಡಿ. ಅಲ್ಲಿ ಹಾರುವವು ಹೆಚ್ಚಾಗಿ ಬಿಸಿಲು ಇಷ್ಟಪಡುವ ಜಾತಿಗಳು, ಸಮುದ್ರವನ್ನೇ ದಾಟುವ ಪಂಟಾಲಾ ಫ್ಲಾವೆಸೆನ್ಸ್ ಥರದವು. ತೊರೆಯ ಮೇಲಿನ ನೆರಳು ಹೋದರೆ ಮೊದಲು ಕಷ್ಟಕ್ಕೆ ಬೀಳುವುದು ಅವುಗಳ ಹತ್ತಿರದ ನೆಂಟರಾದ ತೆಳ್ಳಗಿನ ಡ್ಯಾಮ್ಸೆಲ್‌ಫ್ಲೈಗಳು, ನಾವು ಹುಡುಕಬೇಕಾದ್ದು ಅವನ್ನೇ ಅಲ್ವಾ? ಕೂತಾಗ ಸಾಮಾನ್ಯವಾಗಿ ರೆಕ್ಕೆ ಮಡಚಿಕೊಂಡಿರುತ್ತವೆ.

ನೀರಂಚಿನ ಹುಲ್ಲುಕಡ್ಡಿಗಳನ್ನೂ ನಿಧಾನಕ್ಕೆ ನೋಡಿ. ನೀರಲ್ಲಿದ್ದ ಮರಿ ಮೇಲೆ ಬಂದು ಕಳಚಿಟ್ಟ, ಬೆನ್ನು ಸೀಳಿದ ಕಂದು ಪೊರೆ ಕಚ್ಚಿಕೊಂಡಿರುತ್ತದೆ, ಒಳಗೆ ಬಿಳಿ ದಾರದಂಥ ಎಳೆಗಳು ಕಾಣುತ್ತವೆ. ಅದು ಸಿಕ್ಕರೆ ಆ ಜಾತಿ ಸುಮ್ನೆ ಹಾದುಹೋದದ್ದಲ್ಲ, ಅಲ್ಲೇ ನೀರಲ್ಲಿ ಬೆಳೆದದ್ದು. ನನಗಂತೂ ಹತ್ತು ಹಾರುವ ಹುಳಕ್ಕಿಂತ ಅಂಥ ಒಂದು ಪೊರೆ ದೊಡ್ಡದು.

ಫೋಟೋ ಜೊತೆ ಜಾಗ, ಸಮಯ, ನೆರಳು ಎಷ್ಟಿತ್ತು ಅಂತ ಇಲ್ಲೇ ಹಾಕಿ. ದಯವಿಟ್ಟು ಯಾವುದನ್ನೂ ಹಿಡಿಯಬೇಡಿ.